ಸ್ತನ ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಫೋನನ್ನು ದುಡಿಸಿಕೊಳ್ಳುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೂರು ವಾರಕ್ಕೊಮ್ಮೆ ಕಿಮೊ ಎಂದರೆ ಡೇ ಕೇರ್‌ನಲ್ಲಿ ಒಂದು ಹಗಲು, ಉಳಿದ ಇಪ್ಪತ್ತು ದಿನ ಮನೆಯಲ್ಲಿ. ಜ್ವರ ಬರುವುದು, ಭೇದಿ ಹತ್ತುವುದು, ಬೆರಳು ಜೋಮು ಹಿಡಿಯುವುದು ಎಲ್ಲವೂ ಆ ಇಪ್ಪತ್ತು ದಿನಗಳಲ್ಲೇ. ಮುಂದಿನ ಭೇಟಿಯಲ್ಲಿ ವೈದ್ಯರು "ಹೇಗಿದ್ರಿ?" ಎಂದು ಕೇಳಿದಾಗ ಅರ್ಧ ಮರೆತಿರುತ್ತದೆ, ಇನ್ನರ್ಧವನ್ನು "ಪರವಾಗಿಲ್ಲ ಡಾಕ್ಟ್ರೇ" ಎಂಬ ಮಾತು ನುಂಗಿಬಿಡುತ್ತದೆ. ಈ ಅಂತರವನ್ನು ತುಂಬುವುದಕ್ಕೆ ಫೋನು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ದುಬಾರಿ ಆ್ಯಪ್ ಬೇಕಿಲ್ಲ. ಗಡಿಯಾರ, ಕ್ಯಾಲೆಂಡರ್, ಕ್ಯಾಮೆರಾ ಮತ್ತು ವಾಟ್ಸ್‌ಆ್ಯಪ್ ಸಾಕು.

ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 766 ರೋಗಿಗಳ ಮೇಲೆ ಒಂದು ಪ್ರಯೋಗ ನಡೆದಿತ್ತು. ಸ್ತನ ಕ್ಯಾನ್ಸರ್ ಸೇರಿದಂತೆ ಬೇರೆ ಅಂಗಗಳಿಗೆ ಹರಡಿದ ಕ್ಯಾನ್ಸರ್‌ಗೆ ಕಿಮೊ ಪಡೆಯುತ್ತಿದ್ದವರು ಅವರು. ಒಂದು ಗುಂಪು ತಮ್ಮ ತೊಂದರೆಗಳನ್ನು ಕಂಪ್ಯೂಟರ್ ಮೂಲಕ ನಿಯಮಿತವಾಗಿ ದಾಖಲಿಸಿತು, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) ದಾಖಲಿಸಿದವರಲ್ಲಿ 31.2 ತಿಂಗಳು, ಉಳಿದವರಲ್ಲಿ 26 ತಿಂಗಳು. ಇದನ್ನು ಓದಿ ಆ್ಯಪ್ ಹುಡುಕಲು ಹೊರಡುವವರು ಒಂದು ಅಂಶವನ್ನು ಬಿಟ್ಟುಬಿಡುತ್ತಾರೆ: ಅಲ್ಲಿ ತೊಂದರೆ ತೀವ್ರವಾದ ಕೂಡಲೇ ನರ್ಸ್‌ಗೆ ಸಂದೇಶ ಹೋಗುತ್ತಿತ್ತು, ಅವರು ಬಹುಪಾಲು ಸಲ ಏನಾದರೂ ಕ್ರಮ ಕೈಗೊಳ್ಳುತ್ತಿದ್ದರು. ಓದುವವರಿಲ್ಲದ ದಾಖಲೆಯಿಂದ ಹೆಚ್ಚೇನೂ ಆಗದು. ಆದ್ದರಿಂದ ನೀವು ಬರೆದಿಡುವ ಪ್ರತಿ ಅಂಕಿಗೂ ಒಂದು ಗಡಿ ಇರಲಿ, ಆ ಗಡಿ ದಾಟಿದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಮೊದಲೇ ಗೊತ್ತಿರಲಿ.

ಇಲ್ಲಿ ಕೊಟ್ಟಿರುವ ಗಡಿಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ಆಸ್ಪತ್ರೆ ಬೇರೆ ಗಡಿ ಹೇಳಿದ್ದರೆ ಅದನ್ನೇ ಪಾಲಿಸಿ.

ಹೆಜ್ಜೆ 1: ಫೋನು ಯಾರದ್ದು ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ

ಬಹಳ ಮನೆಗಳಲ್ಲಿ ಹೆಂಗಸರಿಗೆ ಸ್ವಂತ ಫೋನಿಲ್ಲ. ಗಂಡನದ್ದೋ ಮಗನದ್ದೋ ಫೋನು ಬೆಳಿಗ್ಗೆ ಎಂಟಕ್ಕೆ ಅವರ ಜೊತೆ ಕೆಲಸಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುವ ಜ್ವರಕ್ಕೆ ಅದು ಉಪಯೋಗವಿಲ್ಲ. ಚಿಕಿತ್ಸೆ ಮುಗಿಯುವವರೆಗಾದರೂ ಹಗಲಲ್ಲಿ ಒಂದು ಫೋನು ರೋಗಿಯ ಬಳಿಯೇ ಇರಬೇಕು; ಬಟನ್ ಫೋನಾದರೂ ಆದೀತು. ದಾಖಲೆಯನ್ನು ಮಗಳು ಸಂಜೆ ತನ್ನ ಫೋನಿಗೆ ಹಾಕಿಕೊಳ್ಳಬಹುದು, ಆದರೆ ಕರೆ ಮಾಡುವ ಸಾಧನ ಕೈಯಳತೆಯಲ್ಲೇ ಇರಲಿ.

ಮೊದಲ ದಿನವೇ ಈ ನಂಬರುಗಳನ್ನು ಸೇವ್ ಮಾಡಿ. ಡೇ ಕೇರ್ ನರ್ಸಿಂಗ್ ಸ್ಟೇಷನ್, ಆಸ್ಪತ್ರೆಯ ತುರ್ತು ವಿಭಾಗ (ರಾತ್ರಿ ಎತ್ತುವ ನಂಬರ್ ಬೇರೆಯೇ ಇರಬಹುದು, ಕೇಳಿ ಬರೆದುಕೊಳ್ಳಿ), ಊರಿನ ಹತ್ತಿರದ ಆಸ್ಪತ್ರೆ, 108. ಹೆಸರಿನ ಮುಂದೆ "1" ಸೇರಿಸಿ, "1 ಕಿಮೊ ತುರ್ತು" ಎಂಬಂತೆ, ಪಟ್ಟಿಯ ತುದಿಯಲ್ಲಿ ಬರುವ ಹಾಗೆ. ಸೇವ್ ಮಾಡಿ ಸುಮ್ಮನಾಗಬೇಡಿ. ಒಂದು ಸಂಜೆ ಏಳರ ಮೇಲೆ ಕರೆ ಮಾಡಿ ಯಾರಾದರೂ ಎತ್ತುತ್ತಾರೆಯೇ ನೋಡಿ. ಹಗಲಿನ ಓಪಿಡಿ ನಂಬರನ್ನೇ ತುರ್ತು ನಂಬರ್ ಎಂದುಕೊಂಡಿದ್ದು ರಾತ್ರಿ ಗೊತ್ತಾಗಬಾರದು.

ಗೋಪ್ಯತೆಯ ಒಂದು ವಿಷಯ. ಗಾಯದ, ಎದೆಯ ಫೋಟೊ ವೈದ್ಯರಿಗೆ ಕಳಿಸಬೇಕಾದ ಸಂದರ್ಭ ಬರುತ್ತದೆ. ಅದು ಗ್ಯಾಲರಿಯಲ್ಲಿ ಮದುವೆ ಫೋಟೊಗಳ ನಡುವೆ ಕೂತರೆ ಮುಜುಗರ. ವಾಟ್ಸ್‌ಆ್ಯಪ್‌ನ ಆ ಚಾಟ್‌ನಲ್ಲಿ ಮೀಡಿಯಾ ಗ್ಯಾಲರಿಯಲ್ಲಿ ಕಾಣುವುದನ್ನು ಆಫ್ ಮಾಡಿ, ಫೋಟೊಗಳನ್ನು ಲಾಕ್ ಇರುವ ಫೋಲ್ಡರ್‌ಗೆ ಸರಿಸಿ.

ಹೆಜ್ಜೆ 2: ಕಡತ ಕಟ್ಟಿ

ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದಗಳು ಬೇಕೇ ಬೇಕು, ಅವನ್ನು ಎಸೆಯಬೇಡಿ. ಆದರೆ ಎಲ್ಲದಕ್ಕೂ ಫೋನಿನಲ್ಲಿ ಒಂದು ಪ್ರತಿ ಇರಲಿ. ಗೂಗಲ್ ಡ್ರೈವ್‌ನ ಸ್ಕ್ಯಾನ್ ಸೌಲಭ್ಯದಲ್ಲಿ ತೆಗೆದರೆ ಹಲವು ಹಾಳೆಗಳು ಒಂದೇ ಪಿಡಿಎಫ್ ಆಗುತ್ತವೆ. ಫೈಲಿಗೆ ಹೆಸರು ಕೊಡುವಾಗ ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಶುರುಮಾಡಿ: "2025-03-14 ಬಯಾಪ್ಸಿ". ಹೀಗಿಟ್ಟರೆ ತಾನಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ. ದಿನವನ್ನು ಮೊದಲು ಹಾಕಿದರೆ ಜನವರಿಯದ್ದೂ ಡಿಸೆಂಬರಿನದ್ದೂ ಕಲಸಿಹೋಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದವು ನಾಲ್ಕು. ಬಯಾಪ್ಸಿ ಮತ್ತು ಆಪರೇಷನ್ ನಂತರದ ಹಿಸ್ಟೊಪೆಥಾಲಜಿ (ತೆಗೆದ ಅಂಗಾಂಶದ ಪರೀಕ್ಷೆ) ವರದಿ. ಗಡ್ಡೆ ಹಾರ್ಮೋನಿಗೆ ಸ್ಪಂದಿಸುವಂಥದ್ದೇ (ಇಆರ್, ಪಿಆರ್), ಹರ್2 ಎಂಬ ಪ್ರೋಟೀನ್ ಅದರಲ್ಲಿ ಹೆಚ್ಚಿದೆಯೇ ಎಂದು ತಿಳಿಸುವ ಐಎಚ್‌ಸಿ ವರದಿ. ಹರ್2 ಫಲಿತಾಂಶ "2+" ಎಂದಿದ್ದರೆ ಅದು ಅನಿರ್ಧಾರಿತ, ಫಿಶ್ ಎಂಬ ಮುಂದಿನ ಪರೀಕ್ಷೆಯ ವರದಿಯೂ ಕಡತದಲ್ಲಿರಬೇಕು. ಡಿಸ್ಚಾರ್ಜ್ ಸಾರಾಂಶ. ನಾಲ್ಕನೆಯದು ಪ್ರತಿ ಕಿಮೊ ದಿನದ ಹಾಳೆ, ಅಂದರೆ ಯಾವ ಔಷಧಿ, ಎಷ್ಟು ಮಿಲಿಗ್ರಾಂ. ಈ ಕೊನೆಯದನ್ನು ಜನ ಕಡೆಗಣಿಸುತ್ತಾರೆ. ಡಾಕ್ಸೊರೂಬಿಸಿನ್‌ನಂಥ ಔಷಧಿಗೆ ಜೀವಮಾನದ ಒಟ್ಟು ಪ್ರಮಾಣದ ಮಿತಿ ಇದೆ, ಅದು ಮೀರಿದಷ್ಟೂ ಹೃದಯಕ್ಕೆ ಅಪಾಯ ಹೆಚ್ಚು. ಎಂಟು ವರ್ಷದ ನಂತರ ಬೇರೆ ಊರಿನ ಬೇರೆ ವೈದ್ಯರಿಗೆ "ಆಗ ಎಷ್ಟು ಕೊಟ್ಟಿದ್ದರು" ಎಂಬುದು ಗೊತ್ತಾಗಬೇಕಾದರೆ ಆ ಹಾಳೆಯೇ ಆಧಾರ.

ವರದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಅಕ್ಷರ ಮಸುಕಾಗುತ್ತದೆ. "ಡಾಕ್ಯುಮೆಂಟ್" ಆಗಿ ಕಳಿಸಿ. ಸಿಟಿ, ಪೆಟ್ ಸ್ಕ್ಯಾನ್‌ನ ಸಿಡಿಯನ್ನು ಮೊದಲ ವಾರದಲ್ಲೇ ಪೆನ್‌ಡ್ರೈವ್‌ಗೆ ಹಾಕಿಸಿ, ಸಿಡಿ ಓದುವ ಕಂಪ್ಯೂಟರ್ ಈಗ ಸುಲಭಕ್ಕೆ ಸಿಗದು. ಪೆಥಾಲಜಿಯ ಬ್ಲಾಕ್ ಮತ್ತು ಸ್ಲೈಡುಗಳು (ಗಡ್ಡೆಯ ತುಣುಕನ್ನು ಕಾಪಿಟ್ಟ ಮೇಣದ ಗಟ್ಟಿ, ಗಾಜಿನ ಪಟ್ಟಿ) ಮಾತ್ರ ಫೋನಿಗೆ ಬರುವಂಥವಲ್ಲ. ಎರಡನೇ ಅಭಿಪ್ರಾಯಕ್ಕೆ ಅವೇ ಬೇಕಾಗುವುದರಿಂದ, ಅವು ಯಾವ ಲ್ಯಾಬಿನಲ್ಲಿವೆ, ಅವುಗಳ ನಂಬರೇನು ಎಂದು ಬರೆದಿಡಿ.

ಖರ್ಚಿನ ಕಾಗದಗಳೂ ಇದೇ ಕಡತದಲ್ಲಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆಧಾರ್, ರೇಷನ್ ಕಾರ್ಡ್ ಮತ್ತು ರೆಫರಲ್ ಪತ್ರದ ಸ್ಕ್ಯಾನ್ ಕೈಯಲ್ಲಿದ್ದರೆ ಕೌಂಟರಿನಿಂದ ಕೌಂಟರಿಗೆ ಅಲೆಯುವುದು ಕಡಿಮೆಯಾದೀತು. ಹಾಗೆಯೇ 14 ಅಂಕಿಯ ಆಭಾ ಸಂಖ್ಯೆಯನ್ನು ಯೋಜನೆಯ ಕಾರ್ಡಿನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಆಭಾ ಎಂಬುದು ವೈದ್ಯಕೀಯ ದಾಖಲೆಗಳನ್ನು ಜೋಡಿಸುವ ಗುರುತು ಮಾತ್ರ, ಅದಿದ್ದ ಮಾತ್ರಕ್ಕೆ ಚಿಕಿತ್ಸೆ ಉಚಿತವಾಗುವುದಿಲ್ಲ.

ಹೆಜ್ಜೆ 3: ಕಿಮೊ ಕ್ಯಾಲೆಂಡರ್, ಅದರಲ್ಲೂ ಜ್ವರ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ.

ಕಿಮೊ ಕೊಟ್ಟ ದಿನವನ್ನು 1 ಎಂದು ಎಣಿಸಿ ಕ್ಯಾಲೆಂಡರಿನಲ್ಲಿ ಹಾಕಿ. ಮೂರು ವಾರಕ್ಕೊಮ್ಮೆ ಕೊಡುವ ಕಿಮೊದಲ್ಲಿ ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ಆ ಎಂಟು ದಿನಗಳಿಗೆ ಕೆಂಪು ಬಣ್ಣ ಕೊಟ್ಟು ಬೆಳಿಗ್ಗೆ, ಸಂಜೆ ಎರಡು ಅಲಾರ್ಮ್ ಇಡಿ: "ಜ್ವರ ನೋಡು". ಉಳಿದ ದಿನಗಳಲ್ಲಿ ಮೈ ಬಿಸಿಯೆನಿಸಿದರೆ, ಚಳಿ ಬಂದರೆ ನೋಡಿದರೆ ಸಾಕು. ವಾರಕ್ಕೊಮ್ಮೆಯ ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಕುಸಿತ ಇಷ್ಟು ಆಳಕ್ಕೆ ಹೋಗುವುದು ಕಡಿಮೆ, ಆದರೆ ಜ್ವರದ ನಿಯಮ ಅಲ್ಲಿಗೂ ಅದೇ.

ಮೆಡಿಕಲ್ ಶಾಪಿನಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ನಾಲಿಗೆ ಕೆಳಗಿಡಿ, ಬಿಸಿ ಕಾಫಿ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು ನೋಡಿ. ಕಂಕುಳಿನಲ್ಲಿಟ್ಟರೆ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಕೈಯಿಂದ ಹಣೆ ಮುಟ್ಟಿ ನೋಡುವುದು ಲೆಕ್ಕಕ್ಕಿಲ್ಲ.

ಗಡಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್. ಅದು ಮುಟ್ಟಿದರೆ ಆ ಕ್ಷಣವೇ ಕರೆ, ರಾತ್ರಿ ಎರಡಾದರೂ ಸರಿ. ಥರ್ಮಾಮೀಟರ್ ಏನೂ ತೋರಿಸದಿದ್ದರೂ ಮೈ ನಡುಗುವ ಚಳಿ ಬಂದರೆ ಅದೂ ಕರೆಯೇ. ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಪ್ಯಾರಾಸಿಟಮಾಲ್‌ನಿಂದ. ಮನೆಯಲ್ಲಿ ಡೋಲೋ 650 ಇದ್ದೇ ಇರುತ್ತದೆ, ನುಂಗಿದರೆ ಅಂಕಿ ಇಳಿಯುತ್ತದೆ, "ಬೆಳಿಗ್ಗೆ ನೋಡೋಣ" ಎನ್ನುತ್ತಾರೆ. ಜ್ವರ ಇಳಿದಿದ್ದರೂ ಸೋಂಕು ಇಳಿದಿರುವುದಿಲ್ಲ. ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಕಣ ಇಲ್ಲದ ಮೈಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ರಕ್ತಕ್ಕಿಳಿದು ಬಿಪಿ ಬೀಳಿಸಬಲ್ಲದು. ಮೊದಲು ಅಳೆಯಿರಿ, ಬರೆಯಿರಿ, ಕರೆ ಮಾಡಿ. ಮಾತ್ರೆ ಅವರು ಹೇಳಿದ ಮೇಲೆ.

ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲಿ, ಮನೆ ರಾಯಚೂರಿನ ಕಡೆ ಎಂದಾದರೆ ಜ್ವರದಲ್ಲಿ ರಾತ್ರಿ ಬಸ್ ಹತ್ತುವುದು ತಪ್ಪು ದಾರಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್ ಶುರುವಾಗಬೇಕು ಎಂಬುದು ನಿಯಮ. ಅದನ್ನು ಜಿಲ್ಲಾ ಆಸ್ಪತ್ರೆಯಲ್ಲೇ ಶುರುಮಾಡಬಹುದು. ಆದರೆ ಅಲ್ಲಿನ ಕ್ಯಾಷುವಾಲ್ಟಿಯಲ್ಲಿ "ಸಾಮಾನ್ಯ ಜ್ವರ" ಎಂದು ಕೂರಿಸಿಬಿಡಬಹುದು. ಅದಕ್ಕಾಗಿ ಮೊದಲ ಕಿಮೊ ದಿನವೇ ನಿಮ್ಮ ವೈದ್ಯರಿಂದ ಸಹಿ, ಮೊಹರು ಹಾಕಿಸಿದ ಒಂದು ಚೀಟಿ ಮಾಡಿಸಿಕೊಂಡು ಅದರ ಫೋಟೊ ಫೋನಿನಲ್ಲಿಡಿ. ಒಕ್ಕಣೆ ಹೀಗಿರಲಿ (ಫೆಬ್ರೈಲ್ ನ್ಯೂಟ್ರೊಪೀನಿಯಾ ಎಂದರೆ ಬಿಳಿಕಣ ಕುಸಿದಾಗ ಬರುವ ಜ್ವರ, ಸಿಬಿಸಿ ಎಂದರೆ ರಕ್ತಕಣಗಳ ಎಣಿಕೆ):

"ಇವರು ಸ್ತನ ಕ್ಯಾನ್ಸರ್‌ಗೆ ಕಿಮೊಥೆರಪಿ ಪಡೆಯುತ್ತಿದ್ದಾರೆ. ಔಷಧಿಗಳು: ___. ಕೊನೆಯ ಕಿಮೊ ದಿನಾಂಕ: ___. ಜ್ವರವಿದ್ದರೆ ಫೆಬ್ರೈಲ್ ನ್ಯೂಟ್ರೊಪೀನಿಯಾ ಎಂದೇ ಭಾವಿಸಿ ಸಿಬಿಸಿ, ಬ್ಲಡ್ ಕಲ್ಚರ್ ಮಾಡಿ. ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಆರಂಭಿಸಿ. ಅಲರ್ಜಿ: ___. ಸಂಪರ್ಕ: ___."

ಔಷಧಿಗಳ ಹೆಸರು ಇಂಗ್ಲಿಷಿನಲ್ಲೂ ಬರೆಸಿ. ಕೊನೆಯ ಕಿಮೊ ದಿನಾಂಕವನ್ನು ಪ್ರತಿ ಸಲ ಬದಲಿಸುವುದು ಮರೆಯಬೇಡಿ.

ಕ್ಯಾಲೆಂಡರಿಗೆ ಸೇರಬೇಕಾದ್ದು ಇನ್ನೂ ಕೆಲವಿವೆ. ಡಾಕ್ಸೊರೂಬಿಸಿನ್ ಕೊಟ್ಟ ಮೇಲೆ ಒಂದೆರಡು ದಿನ ಮೂತ್ರ ಕೆಂಪಗಿರುತ್ತದೆ, ಅದು ಔಷಧಿಯ ಬಣ್ಣ. ಮೊದಲೇ ಬರೆದಿಟ್ಟರೆ ಮನೆಯವರು ಗಾಬರಿ ಬೀಳುವುದಿಲ್ಲ. ಡೋಸೆಟ್ಯಾಕ್ಸೆಲ್ ಇದ್ದವರಿಗೆ ಹಿಂದಿನ ದಿನದಿಂದಲೇ ಮೂರು ದಿನ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಇರುತ್ತದೆ, ಅದಕ್ಕೆ ಪ್ರತ್ಯೇಕ ಅಲಾರ್ಮ್ ಇಡಿ. ತಪ್ಪಿಸಿದರೆ ಅಲರ್ಜಿ, ಮೈ ನೀರು ತುಂಬುವ ಸಾಧ್ಯತೆ ಹೆಚ್ಚು. ಆ ದಿನದ ಕಿಮೊ ಮುಂದಕ್ಕೂ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಮೂರು ದಿನ ಶುಗರ್ ಏರುವುದರಿಂದ ಗ್ಲುಕೊಮೀಟರ್ ಅಲಾರ್ಮ್ ಕೂಡ. ಬಿಳಿಕಣ ಹೆಚ್ಚಿಸುವ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಕಿಮೊ ಮುಗಿದು 24 ಗಂಟೆ ಕಳೆದ ಮೇಲೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕ್‌ಗೆ ನೇರ ತಾಗದಂತೆ ಬಟ್ಟೆ ಸುತ್ತಿ. ಹೆಪ್ಪುಗಟ್ಟಿದರೆ ಔಷಧಿ ಹಾಳು. ಮುಂದಿನ ಕಿಮೊಗೆ ಒಂದೆರಡು ದಿನ ಮುಂಚೆ ಸಿಬಿಸಿ ಮಾಡಿಸಿ ವರದಿ ಕಳಿಸಿದರೆ, ಕಣ ಸಾಲದೆ ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸಾಗುವುದು ತಪ್ಪುತ್ತದೆ.

ಹೆಜ್ಜೆ 4: ದಿನಕ್ಕೊಂದು ಸಾಲು

ನೂರು ಪ್ರಶ್ನೆ ಕೇಳುವ ಆ್ಯಪ್‌ಗಳನ್ನು ಜನ ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಆರೇ ವಿಷಯ ಸಾಕು: ವಾಂತಿ, ಭೇದಿ, ಬಾಯಿಹುಣ್ಣು, ಸುಸ್ತು, ಜೋಮು, ನೋವು. ಪ್ರತಿಯೊಂದಕ್ಕೂ 0ರಿಂದ 3 ಅಂಕ. 0 ಇಲ್ಲ, 1 ಇದೆ ಆದರೆ ಎಂದಿನ ಕೆಲಸ ನಡೆಯುತ್ತದೆ, 2 ಕೆಲಸಕ್ಕೆ ಅಡ್ಡಿ, 3 ಎದ್ದೇಳಲು, ತಿನ್ನಲು, ಕುಡಿಯಲು ಆಗದು. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಸಂದೇಶ ಕಳಿಸಿಕೊಳ್ಳುವ ಚಾಟ್ ಇದೆ, ಅಲ್ಲಿ ರಾತ್ರಿ ಮಲಗುವ ಮುಂಚೆ ಹಾಕಿ:

"2ನೇ ಕಿಮೊ, ದಿನ 9. ಜ್ವರ 98.8. ವಾಂತಿ 0, ಭೇದಿ 2 (5 ಸಲ), ಹುಣ್ಣು 1, ಸುಸ್ತು 2, ಜೋಮು 0, ನೋವು 0."

ಟೈಪ್ ಮಾಡಲು ಬಾರದವರು ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಬಹುದು, ಇಲ್ಲವೇ ಹತ್ತು ಸೆಕೆಂಡಿನ ಧ್ವನಿ ಸಂದೇಶ. ಧ್ವನಿಯ ತೊಂದರೆಯೆಂದರೆ ವೈದ್ಯರ ಮುಂದೆ ಇಪ್ಪತ್ತು ಕ್ಲಿಪ್ ಕೇಳಿಸಲು ಆಗದು. ಭೇಟಿಯ ಹಿಂದಿನ ರಾತ್ರಿ ಯಾರಾದರೂ ಕೂತು 2 ಮತ್ತು 3 ಬಂದ ದಿನಗಳನ್ನಷ್ಟೇ ಹೆಕ್ಕಿ ಬರೆಯಲಿ. ಆ ಚಾಟ್‌ನಲ್ಲಿ ಸಂದೇಶ ತಾನಾಗಿ ಅಳಿಯುವ ಆಯ್ಕೆ ಆನ್ ಆಗಿಲ್ಲ ಎಂದು ಒಮ್ಮೆ ಖಚಿತಪಡಿಸಿಕೊಳ್ಳಿ.

ಗಡಿಗಳು: ಯಾವುದೇ 3 ಬಂದರೆ ಅಂದೇ ಕರೆ. ಎಂದಿಗಿಂತ ನಾಲ್ಕಕ್ಕೂ ಹೆಚ್ಚು ಸಲ ಭೇದಿಯಾದರೆ, ಕುಡಿದ ನೀರೂ ನಿಲ್ಲದೆ ವಾಂತಿಯಾದರೆ ಅಂದೇ ಕರೆ. ಉಸಿರು ಕಟ್ಟುವುದು, ಎದೆನೋವು, ಒಂದೇ ಕಾಲು ಊದಿಕೊಂಡು ನೋಯುವುದು ಕಂಡರೆ ದಾಖಲೆ ಬರೆಯುತ್ತ ಕೂರಬೇಡಿ, ನೇರ ತುರ್ತು ವಿಭಾಗಕ್ಕೆ.

ಜೋಮಿನ ಬಗ್ಗೆ ಎರಡು ಮಾತು. ಪ್ಯಾಕ್ಲಿಟ್ಯಾಕ್ಸೆಲ್ ತೆಗೆದುಕೊಳ್ಳುವವರು ಇದನ್ನು ಸಣ್ಣದೆಂದು ಬಿಡುತ್ತಾರೆ, "ಕಿಮೊ ನಿಲ್ಲಿಸಿಬಿಟ್ಟರೆ" ಎಂಬ ಭಯಕ್ಕೆ ಮುಚ್ಚಿಡುವವರೂ ಇದ್ದಾರೆ. ರವಿಕೆಯ ಹುಕ್ಕು ಹಾಕಲು, ಹೂ ಕಟ್ಟಲು, ರಂಗೋಲಿ ಪುಡಿ ಹಿಡಿಯಲು ಕಷ್ಟವಾಗತೊಡಗಿದರೆ ಅದು 2. ಮುಂದಿನ ಡೋಸ್‌ಗೆ ಮೊದಲು ಹೇಳಿದರೆ ಪ್ರಮಾಣ ತಗ್ಗಿಸುವ, ಔಷಧಿ ಬದಲಿಸುವ ದಾರಿಗಳಿವೆ; ತಡಮಾಡಿದರೆ ಕೆಲವರಲ್ಲಿ ಜೋಮು ವರ್ಷಗಟ್ಟಲೆ ಉಳಿಯುತ್ತದೆ.

ಹೆಜ್ಜೆ 5: ಆಪರೇಷನ್ ನಂತರ ಡ್ರೇನ್, ತೋಳು, ಅಳತೆ

ಡ್ರೇನ್ (ಗಾಯದೊಳಗಿನ ನೀರನ್ನು ಹೊರಗಿನ ಬುಡ್ಡೆಗೆ ಎಳೆಯುವ ಕೊಳವೆ) ಜೊತೆ ಮನೆಗೆ ಕಳಿಸಿದ್ದರೆ ದಿನವೂ ಒಂದೇ ಹೊತ್ತಿಗೆ ಅಳೆಯಿರಿ. ಮಿ.ಲೀ. ಗುರುತಿರುವ ಕಪ್ಪಿಗೆ ಸುರಿದು, ಅಂಕಿ ಬರೆದು, ಬುಡ್ಡೆಯನ್ನು ಒತ್ತಿ ಚಪ್ಪಟೆ ಮಾಡಿಯೇ ಮುಚ್ಚಬೇಕು. ಉಬ್ಬಿದ ಬುಡ್ಡೆ ಎಳೆಯುವುದಿಲ್ಲ. ಎರಡು ಡ್ರೇನ್ ಇದ್ದರೆ ಎರಡಕ್ಕೂ ಬೇರೆ ಸಾಲು, ಏಕೆಂದರೆ ಒಂದೊಂದನ್ನೇ ತೆಗೆಯುತ್ತಾರೆ. 24 ಗಂಟೆಗೆ 20–30 ಮಿ.ಲೀ.ಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ಸಾಮಾನ್ಯವಾಗಿ ತೆಗೆಯುವ ಸಮಯ. ಬೆಳಿಗ್ಗೆ 25, ಸಂಜೆ 25 ಬಂದದ್ದನ್ನು "25 ಬರ್ತಿದೆ" ಎಂದು ಹೇಳುವ ತಪ್ಪು ಸಾಮಾನ್ಯ. ಅದು 50, ಬೇಗ ತೆಗೆಸಿದರೆ ಒಳಗೆ ನೀರು ನಿಲ್ಲುತ್ತದೆ. ನಿನ್ನೆ 80 ಇದ್ದದ್ದು ಇಂದು ಇದ್ದಕ್ಕಿದ್ದಂತೆ 5ಕ್ಕಿಳಿದು ಎದೆಯ ಭಾಗ ಉಬ್ಬಿದ್ದರೆ ಖುಷಿಪಡಬೇಡಿ, ಕೊಳವೆ ಕಟ್ಟಿಕೊಂಡಿದೆ. ಗಾಢ ಕೆಂಪು ರಕ್ತ ಬೇಗಬೇಗ ತುಂಬಿದರೂ ಕೂಡಲೇ ಕರೆ ಮಾಡಿ.

ವ್ಯಾಯಾಮಕ್ಕೆ ಫಿಸಿಯೊಥೆರಪಿಸ್ಟ್ ತೋರಿಸುವಾಗಲೇ ಅವರ ಅನುಮತಿ ಕೇಳಿ ವಿಡಿಯೊ ತೆಗೆದುಕೊಳ್ಳಿ. ಯೂಟ್ಯೂಬಿನಲ್ಲಿ ಹುಡುಕಿದ್ದಕ್ಕಿಂತ ಅದು ನಿಮ್ಮ ಗಾಯಕ್ಕೆ ಹೊಂದುತ್ತದೆ. ದಿನಕ್ಕೆ ಮೂರು ಅಲಾರ್ಮ್. ಡ್ರೇನ್ ಇರುವವರೆಗೆ ಸಾಮಾನ್ಯವಾಗಿ ಭುಜದ ಮಟ್ಟಕ್ಕಿಂತ ಮೇಲೆ ಎತ್ತಿಸುವುದಿಲ್ಲ, ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಎತ್ತರ ಹೆಚ್ಚಿಸುವುದು. ಗೋಡೆಗೆ ಪೆನ್ಸಿಲ್ ಗುರುತು ಹಾಕಿ ವಾರಕ್ಕೊಂದು ಫೋಟೊ ತೆಗೆಯಿರಿ. ಇದನ್ನು ಬಿಟ್ಟವರಿಗೆ ಪೆಟ್ಟು ಬೀಳುವುದು ರೇಡಿಯೇಷನ್ ಹೊತ್ತಿಗೆ. "ಕರೆಂಟ್" ಕೊಡುವಾಗ ಕೈಯನ್ನು ತಲೆಯ ಮೇಲೆ ಎತ್ತಿ ಅಲುಗದೆ ಮಲಗಬೇಕು. ಭುಜ ಏಳದಿದ್ದರೆ ಯೋಜನೆಯೇ ನಿಲ್ಲುತ್ತದೆ.

ಕಂಕುಳಿನ ಗ್ರಂಥಿಗಳನ್ನು ತೆಗೆದವರಲ್ಲಿ ತೋಳು ಊದುವ ಲಿಂಫೆಡಿಮಾ ತಿಂಗಳುಗಳ, ವರ್ಷಗಳ ನಂತರವೂ ಶುರುವಾಗಬಹುದು. ಅಳತೆಯನ್ನು ಆಪರೇಷನ್‌ಗೆ ಮೊದಲೇ ತೆಗೆದಿಡಿ, ದುಡಿಯುವ ಕೈ ಹುಟ್ಟಾ ತುಸು ದಪ್ಪವಿರುವುದು ಸಹಜವಾದ್ದರಿಂದ ಹೋಲಿಕೆಗೆ ಅದು ಬೇಕು. ದರ್ಜಿಯ ಟೇಪಿನಿಂದ ಎರಡೂ ಕೈಗಳಲ್ಲಿ ನಾಲ್ಕು ಕಡೆ: ಅಂಗೈಯ ಗೆಣ್ಣುಗಳ ಸುತ್ತ, ಮಣಿಕಟ್ಟು, ಮೊಣಕೈಗಿಂತ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ. ಟೇಪ್ ತಾಗಬೇಕು, ಒತ್ತಬಾರದು. ತಿಂಗಳಿಗೊಮ್ಮೆ ಒಂದೇ ದಿನ ಬೆಳಿಗ್ಗೆ. ಎಲ್ಲಾದರೂ ವ್ಯತ್ಯಾಸ 2 ಸೆಂ.ಮೀ. ಹೆಚ್ಚಿದರೆ ತೋರಿಸಿ. ಬಳೆ ಬಿಗಿಯಾಗುವುದು, ಒಂದೇ ತೋಳು ಹಿಡಿದಂತಾಗುವುದು ಟೇಪಿಗಿಂತ ಮೊದಲು ಸುಳಿವು ಕೊಡುವುದುಂಟು. ತೋಳು ಕೆಂಪಾಗಿ ಬಿಸಿಯೇರಿದರೆ ಅದು ಸೋಂಕು, ಅಂದೇ ಆ್ಯಂಟಿಬಯಾಟಿಕ್ ಬೇಕು. "ಆ ಕೈಯಲ್ಲಿ ಇನ್ನು ಬಿಂದಿಗೆ ಎತ್ತಲೇಬೇಡ" ಎಂಬ ಹಳೆಯ ಮಾತಿಗೆ ಈಗ ಬೆಲೆ ಕಡಿಮೆ: ನಿಧಾನವಾಗಿ ಹೆಚ್ಚಿಸುತ್ತ ಹೋದ ಭಾರದ ವ್ಯಾಯಾಮದಿಂದ ಊತ ಹೆಚ್ಚಲಿಲ್ಲ ಎಂದು 2009ರಲ್ಲೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಹೇಳಿಕೊಡುವವರ ಕಣ್ಣೆದುರು, ಸ್ವಲ್ಪದರಿಂದ ಶುರುಮಾಡಿ.

ಹೆಜ್ಜೆ 6: ಐದು ವರ್ಷದ ಮಾತ್ರೆ

ಇಆರ್ ಅಥವಾ ಪಿಆರ್ ಪಾಸಿಟಿವ್ ಇದ್ದವರಿಗೆ ಹಾರ್ಮೋನ್ ತಡೆಯುವ ಮಾತ್ರೆ: ಟ್ಯಾಮಾಕ್ಸಿಫೆನ್ 20 ಮಿ.ಗ್ರಾಂ, ಅಥವಾ ಮುಟ್ಟು ನಿಂತವರಿಗೆ ಲೆಟ್ರೋಜೋಲ್ 2.5 ಮಿ.ಗ್ರಾಂ, ಅನಾಸ್ಟ್ರೋಜೋಲ್ 1 ಮಿ.ಗ್ರಾಂ ದಿನಕ್ಕೊಂದು, ಕನಿಷ್ಠ ಐದು ವರ್ಷ. ಕೂದಲು ಮರಳಿರುತ್ತದೆ, ಎಲ್ಲರೂ ಮರೆತಿರುತ್ತಾರೆ, ಮಾತ್ರೆ ಸದ್ದಿಲ್ಲದೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ 8,769 ಮಹಿಳೆಯರ ದಾಖಲೆ ನೋಡಿದ 2010ರ ಅಧ್ಯಯನದಲ್ಲಿ ಪೂರ್ತಿ ಅವಧಿಗೆ ಸರಿಯಾಗಿ ತೆಗೆದುಕೊಂಡವರು ಶೇ. 49 ಮಾತ್ರ.

ಅಲಾರ್ಮ್ ಒಂದೇ ಇಟ್ಟರೆ ಸಾಲದು. ಅದನ್ನು ಆಫ್ ಮಾಡಿ "ಆಮೇಲೆ" ಎನ್ನುವುದೇ ರೂಢಿಯಾಗಿಬಿಡುತ್ತದೆ. ಮಾತ್ರೆ ಬಾಯಿಗೆ ಹಾಕಿಕೊಂಡ ಮೇಲೆಯೇ ಅಲಾರ್ಮ್ ನಿಲ್ಲಿಸುವ ನಿಯಮ ಮಾಡಿಕೊಳ್ಳಿ. ಎರಡನೇ ಅಲಾರ್ಮ್ ಖರೀದಿಗೆ: ಕೊನೆಯ ಪಟ್ಟಿ ಒಡೆದ ದಿನ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ನಿಲ್ಲಿಸಲು ಕಾರಣ ಮರೆವಿಗಿಂತ ಹೆಚ್ಚಾಗಿ ಮೈ ಬಿಸಿಯೇರುವ ಹಬೆ, ಕೀಲುನೋವು, ಯೋನಿ ಒಣಗುವಿಕೆ. ಇವಕ್ಕೆಲ್ಲ ಪರಿಹಾರಗಳಿವೆ, ಮಾತ್ರೆಯನ್ನೇ ಬದಲಿಸಬಹುದು. ಹೇಳಲು ಸಂಕೋಚವಾದರೆ ಬರೆದು ಫೋನ್ ಮುಂದೆ ಹಿಡಿಯಿರಿ. ಟ್ಯಾಮಾಕ್ಸಿಫೆನ್ ಜೊತೆ ಖಿನ್ನತೆಗೆ ಕೊಡುವ ಪ್ಯಾರಾಕ್ಸಿಟಿನ್, ಫ್ಲೂಆಕ್ಸಿಟಿನ್ ಬೇಡ, ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬರುವುದನ್ನು ಅವು ತಡೆಯುತ್ತವೆ. ಮಾತ್ರೆ ಪಟ್ಟಿಯ ಫೋಟೊವನ್ನು ಯಾವ ವೈದ್ಯರ ಬಳಿ ಹೋದರೂ ತೋರಿಸುವುದು ಇದಕ್ಕೇ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಬರೆದಿಟ್ಟು ಕಾಯಬೇಡಿ. ಮುಟ್ಟು ಏರುಪೇರಾದ ಕಿರಿಯರು ಟ್ಯಾಮಾಕ್ಸಿಫೆನನ್ನು ಗರ್ಭನಿರೋಧಕ ಎಂದುಕೊಳ್ಳಬಾರದು. ಗರ್ಭ ನಿಲ್ಲಬಹುದು, ಮಗುವಿಗೆ ಅಪಾಯ. ಹಾರ್ಮೋನ್ ಇಲ್ಲದ ವಿಧಾನ ಕೇಳಿ.

ಹೆಜ್ಜೆ 7: ಫೋನಿನಿಂದ ಒಳಬರುವುದಕ್ಕೆ ಬೇಲಿ

ರೋಗದ ಸುದ್ದಿ ಹಬ್ಬಿದ ವಾರದಲ್ಲೇ ಲಕ್ಷ್ಮಣಫಲ, ಅಡುಗೆ ಸೋಡಾ, ಕ್ಷಾರೀಯ ನೀರು, "ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತೆ" ಎಂಬ ಫಾರ್ವರ್ಡ್‌ಗಳು ಸಾಲಿಡುತ್ತವೆ. ಕಳಿಸಿದವರು ಪ್ರೀತಿಯಿಂದಲೇ ಕಳಿಸಿರುತ್ತಾರೆ, ಜಗಳ ಬೇಡ. ಮನೆಯ ಒಬ್ಬರನ್ನು ಬಾಗಿಲು ಕಾಯಲು ನೇಮಿಸಿ. ಎಲ್ಲವೂ ಅವರಿಗೇ ಹೋಗಲಿ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದರ ಫೋಟೊ ಕಡತದಲ್ಲಿರಲಿ, ವೈದ್ಯರಿಂದ ಮುಚ್ಚಿಡಬೇಡಿ. ಲಿವರ್ ವರದಿ ಏರಿದಾಗ ಕಾರಣ ಹುಡುಕಲು ಅದು ಬೇಕು.

ಎಐ ಚಾಟ್‌ಬಾಟ್‌ಗಳು ವರದಿಯ ಪದಗಳ ಅರ್ಥ ಬಿಡಿಸಲು, ವೈದ್ಯರಿಗೆ ಕೇಳುವ ಪ್ರಶ್ನೆ ಜೋಡಿಸಲು ಆಗುತ್ತವೆ. ಡೋಸ್, ಔಷಧಿ ನಿಲ್ಲಿಸುವುದು, ಜ್ವರ ಇವನ್ನು ಅಲ್ಲಿ ಕೇಳಬೇಡಿ, ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತವೆ. ವರದಿ ಹಾಕುವ ಮುಂಚೆ ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ.

ಮನಸ್ಸಿಗೂ ಒಂದು ಅಳತೆ ಇದೆ. ವಾರಕ್ಕೊಮ್ಮೆ ಸಂಕಟಕ್ಕೆ 0ರಿಂದ 10ರಲ್ಲಿ ಅಂಕ ಕೊಟ್ಟುಕೊಳ್ಳಿ. 4 ಅಥವಾ ಹೆಚ್ಚಿದ್ದರೆ ವೈದ್ಯರಿಗೆ ಹೇಳಬೇಕಾದ ಮಟ್ಟ. ಟೆಲಿ ಮಾನಸ್‌ನ 14416 ಸಂಖ್ಯೆ ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು.

ಹೆಜ್ಜೆ 8: ಚಿಕಿತ್ಸೆ ಮುಗಿದ ಮೇಲೆ

ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಭೇಟಿ. ಉಳಿದ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೊಗ್ರಾಮ್. ಎಲ್ಲವನ್ನೂ ಈಗಲೇ ಕ್ಯಾಲೆಂಡರಿಗೆ ಹಾಕಿಬಿಡಿ. ಹರ್2 ಪಾಸಿಟಿವ್ ಇದ್ದವರಿಗೆ ಕೊಡುವ ಟ್ರಾಸ್ಟುಜುಮಾಬ್ ಇನ್ನೂ ನಡೆಯುತ್ತಿದ್ದರೆ ಮೂರು ತಿಂಗಳಿಗೊಮ್ಮೆ ಹೃದಯದ ಎಕೊ, ಲೆಟ್ರೋಜೋಲ್ ಅಥವಾ ಅನಾಸ್ಟ್ರೋಜೋಲ್ ಇದ್ದರೆ ಮೂಳೆಯ ಡೆಕ್ಸಾ ಪರೀಕ್ಷೆ ಸೇರಿಸಿ. ಲಕ್ಷಣವೇ ಇಲ್ಲದೆ ಆರಾರು ತಿಂಗಳಿಗೆ ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ ಎಂಬ ರಕ್ತಪರೀಕ್ಷೆ ಮಾಡಿಸುವುದು ಮಾರ್ಗಸೂಚಿಗಳಲ್ಲಿಲ್ಲ. ಲ್ಯಾಬಿನ ರಿಯಾಯಿತಿ ಸಂದೇಶಕ್ಕೆ ಮರುಳಾಗಬೇಡಿ. ಎರಡು ವಾರ ದಾಟಿದ ಹೊಸ ಗಂಟು, ಮೂಳೆನೋವು, ಕೆಮ್ಮು, ತಲೆನೋವು ಇದ್ದರೆ ಮುಂದಿನ ದಿನಾಂಕಕ್ಕೆ ಕಾಯದೆ ಹೋಗಿ.

ಫೋನ್ ಬದಲಿಸುವಾಗ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಕಡತ ಹೊಸ ಫೋನಿನಲ್ಲಿ ತೆರೆಯುತ್ತದೆಯೇ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಗೂಗಲ್ ಖಾತೆಯ ಪಾಸ್‌ವರ್ಡ್ ಒಂದು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ, ಅದೆಲ್ಲಿದೆ ಎಂದು ಮನೆಯ ಇನ್ನೊಬ್ಬರಿಗೆ ಹೇಳಿಡಿ.